ನಿಮ್ಮ ‘ಎರಡು ಸಾವಿರ ವ್ಯಾಟ್’ ಪೆಟ್ಟಿಗೆಯ ಕುರಿತು ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಏಪ್ರಿಲ್ 19ರಂದು ನಿಮ್ಮ ಶಿವಮೊಗ್ಗದ ಮಳಿಗೆಯಲ್ಲಿ 72,900 ರೂಪಾಯಿಗೆ ಕೊಂಡ ಪೋರ್ಟಬಲ್ ಪವರ್ ಸ್ಟೇಷನ್ (ಯಂತ್ರಗಳಿಗೆ ಕರೆಂಟ್ ಕೊಡುವ ಬ್ಯಾಟರಿ ಪೆಟ್ಟಿಗೆ) ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ಇದು ಈ ಪತ್ರದ ಮೂರನೇ ಪ್ರತಿ. ಮೊದಲೆರಡನ್ನು ಓದಿದ ಮಗಳು, ‘ಹೀಗೆ ಬರೆದರೆ ಅವರು ಮುಂದೆ ಓದುವುದಿಲ್ಲ ಅಪ್ಪಾ’ ಎಂದು ಹರಿದುಹಾಕಿದಳು. ಆದ್ದರಿಂದ ಸಮಾಧಾನದಿಂದ ಬರೆಯುತ್ತಿದ್ದೇನೆ. ನಿಮ್ಮ ಸಹಾಯವಾಣಿಗೂ ಒಂಬತ್ತು ಸಲ ಸಮಾಧಾನದಿಂದಲೇ ಕರೆ ಮಾಡಿದ್ದೆ. ಒಂಬತ್ತು ದೂರು ಸಂಖ್ಯೆಗಳು ಸಿಕ್ಕಿವೆ, ಮತ್ತೇನೂ ಸಿಕ್ಕಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ, ಹಳ್ಳದ ಆಚೆ ಅಡಿಕೆ ತೋಟ. ದಬ್ಬೆ ಹಾಕಿ ಮಾಡಿದ್ದ ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಕಳೆದ ಮಳೆಗಾಲದಲ್ಲಿ ಕೊಚ್ಚಿಹೋಯಿತು. ಈ ಸಲ ಮಳೆ ಹಿಡಿಯುವ ಮೊದಲು ಕಬ್ಬಿಣದ ತೊಲೆಯ ಮೇಲೆ ಮತ್ತಿ ಹಲಗೆ ಹಾಕಿ ಗಟ್ಟಿ ಸಂಕ ಮಾಡಿಸಬೇಕಿತ್ತು. ಅಲ್ಲಿಗೆ ಕರೆಂಟಿಲ್ಲ. ಅಷ್ಟು ದೂರ ವೈರ್ ಎಳೆದರೆ ಆ ತುದಿಯಲ್ಲಿ ಉಳಿಯುವ ವೋಲ್ಟೇಜಿಗೆ ಯಂತ್ರ ತಿರುಗುವುದಿಲ್ಲ.

ನಾನು ಬಂದಿದ್ದು ಮೂರು ಕೆವಿಎ ಪೆಟ್ರೋಲ್ ಜನರೇಟರ್ ಕೊಳ್ಳಲು. ನಿಮ್ಮ ಮಾರಾಟ ಪ್ರತಿನಿಧಿ ಅದನ್ನು ಬಿಡಿಸಿ ಬ್ಯಾಟರಿ ಪೆಟ್ಟಿಗೆಯ ಕಡೆಗೆ ಕರೆದುಕೊಂಡು ಹೋದರು. ಜನರೇಟರ್ ಕೂಗುತ್ತದೆ, ಹೊಗೆ ಬಿಡುತ್ತದೆ, ಪೆಟ್ರೋಲ್ ತುಂಬಿಸಿ ಮೂರು ತಿಂಗಳು ಮೂಲೆಗಿಟ್ಟರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ ಎಂದರು. ಎಲ್ಲವೂ ನಿಜ. ಆದರೂ ನಾನು ಆತುರಪಡಲಿಲ್ಲ. ಮನೆಗೆ ಹೋಗಿ, ಯಂತ್ರಗಳ ತಗಡಿನ ಮೇಲಿದ್ದ ಅಂಕಿಗಳನ್ನು ನೋಡಿ, ವಾಟ್ಸ್‌ಆ್ಯಪ್‌ನಲ್ಲಿ ಅವರಿಗೆ ಕಳುಹಿಸಿದೆ: ಕಟಿಂಗ್ ಮಷಿನ್ 850 ವ್ಯಾಟ್, ಡ್ರಿಲ್ಲಿಂಗ್ ಮಷಿನ್ 600, ಮರ ಕೊಯ್ಯುವ ಮಷಿನ್ 1,400, ಕಂಬದ ಗುಂಡಿಯಲ್ಲಿ ಒಸರುವ ನೀರು ತೆಗೆಯಲು ಅರ್ಧ ಎಚ್‌ಪಿ ಪಂಪು. ಒಂದೊಂದಾಗಿ ನಡೆಸುತ್ತೇವೆ, ಸಾಕಾಗುತ್ತದೆಯೇ ಎಂದು ಕೇಳಿದೆ. ‘ಎಲ್ಲವೂ ನಡೆಯುತ್ತದೆ ಸರ್, 2000 ವ್ಯಾಟ್ ಇದೆ, ದಿನವಿಡೀ ಬರುತ್ತದೆ’ ಎಂದು ಉತ್ತರ ಬಂತು. ಜೊತೆಗೆ ಹೆಬ್ಬೆರಳೆತ್ತಿದ ಚಿತ್ರ. ಎರಡೂ ನನ್ನ ಮೊಬೈಲಿನಲ್ಲಿ ಭದ್ರವಾಗಿವೆ.

ಡ್ರಿಲ್ಲಿಂಗ್ ಮಷಿನ್, ಕಟಿಂಗ್ ಮಷಿನ್ ನಡೆದವು. ಮರ ಕೊಯ್ಯುವ ಮಷಿನ್ ಗಾಳಿಯಲ್ಲಿ ಚೆನ್ನಾಗಿ ತಿರುಗಿತು. ಅಲಗು ಮತ್ತಿ ಹಲಗೆಯೊಳಗೆ ಎರಡು ಇಂಚು ಇಳಿಯುವಷ್ಟರಲ್ಲಿ ಪೆಟ್ಟಿಗೆ ಕೀಂ ಎಂದು ಬಂದ್ ಆಯಿತು. ಪಂಪು ಒಂದು ಸುತ್ತೂ ತಿರುಗಲಿಲ್ಲ. ಆಮೇಲೆ ನಿಮ್ಮ ಕೈಪಿಡಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ನಿರಂತರವಾಗಿ ಕೊಡುವುದು 1000 ವ್ಯಾಟ್ ಮಾತ್ರ, 2000 ಎನ್ನುವುದು ಕೆಲವೇ ಸೆಕೆಂಡುಗಳ ಮಾತು, ಪಂಪಿನಂತಹ ಮೋಟರುಗಳು ಹೊರಡುವಾಗ ಹಲವು ಪಟ್ಟು ಹೆಚ್ಚು ಎಳೆಯುತ್ತವೆ ಎಂದೆಲ್ಲ ಅದರಲ್ಲಿದೆ. ಬ್ಯಾಟರಿಯಲ್ಲಿರುವುದು 1,024 ವ್ಯಾಟ್-ಅವರ್, ಅಂದರೆ ಸಾವಿರ ವ್ಯಾಟಿನ ಯಂತ್ರಕ್ಕೆ ಹೆಚ್ಚೆಂದರೆ ಒಂದು ಗಂಟೆಗಾಗುವಷ್ಟು ಕರೆಂಟ್. ಇನ್ವರ್ಟರಿನಲ್ಲಿ ಕಳೆದುಹೋಗುವುದನ್ನು ಬಿಟ್ಟರೆ, ಕಟಿಂಗ್ ಮಷಿನನ್ನು ಎಡೆಬಿಡದೆ ಒತ್ತಿ ನಡೆಸಿದಾಗ ಸುಮಾರು ಒಂದು ಗಂಟೆ. ನಮ್ಮಲ್ಲಿ ಬಡಗಿಯ ದಿನ ಬೆಳಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ. ಇವೆಲ್ಲ ನನಗೆ ಮೊದಲೇ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಆ ಕೈಪಿಡಿಯನ್ನು ಅಚ್ಚು ಹಾಕಿಸಿದವರು ನೀವು.

ಇನ್ನು ಮೇ 8ರ ವಿಷಯ. ಹದಿನಾಲ್ಕು ಕಿಲೋ ತೂಕದ ಪೆಟ್ಟಿಗೆಯನ್ನು ಬಸ್ಸಿನಲ್ಲಿ, ಅದಕ್ಕೊಂದು ಲಗೇಜ್ ಟಿಕೆಟ್ ಮಾಡಿಸಿ, ನಿಮ್ಮ ಮಳಿಗೆಗೆ ತಂದೆ. ಮುಕ್ಕಾಲು ಗಂಟೆ ಕಾದ ಮೇಲೆ ಒಬ್ಬ ತಂತ್ರಜ್ಞರು ಬಂದರು. ಮರ ಕೊಯ್ಯುವ ಮಷಿನ್ ನಡೆಯುವುದಿಲ್ಲ ಎಂದೆ. ಅವರು ಒಳಗೆ ಹೋಗಿ ಒಂದು ಟೇಬಲ್ ಫ್ಯಾನ್ ತಂದರು. ಸಿಕ್ಕಿಸಿದರು. ಫ್ಯಾನ್ ತಿರುಗಿತು.

‘ಗಾಳಿ ಬರುತ್ತಿದೆಯೇ?’

‘ಬರುತ್ತಿದೆ.’

ಎರಡಕ್ಕೆ ಹಾಕಿದರು. ‘ಈಗ?’ ಬರುತ್ತಿದೆ ಎಂದೆ. ಮೂರಕ್ಕೆ ಹಾಕಿದರು. ಮೇಜಿನ ಮೇಲಿದ್ದ ನನ್ನ ರಸೀದಿ ಹಾರಿ ಫ್ರಿಜ್ ನೋಡುತ್ತಿದ್ದ ದಂಪತಿಯ ಕಾಲ ಬಳಿ ಬಿತ್ತು. ಬಗ್ಗಿ ಎತ್ತಿಕೊಂಡೆ. ಆ ಹೆಣ್ಣುಮಗಳು ನಗು ತಡೆಯಲು ಮುಖ ತಿರುಗಿಸಿಕೊಂಡರು.

‘ಫ್ಯಾನಿಗೂ ಮರ ಕೊಯ್ಯುವ ಮಷಿನಿಗೂ ವ್ಯತ್ಯಾಸವಿದೆಯಲ್ಲ’ ಎಂದೆ. ‘ಕರೆಂಟ್ ಎಲ್ಲ ಒಂದೇ ಸರ್’ ಎಂದರು. ಈ ಸಂಶೋಧನೆಯನ್ನು ನಿಮ್ಮ ಕೈಪಿಡಿ ಬರೆದವರಿಗೂ ದಯವಿಟ್ಟು ತಿಳಿಸಿ. ಬಳಿಕ, ನಾನು ಕಿವುಡನೆಂದು ತಿಳಿದರೋ ಏನೋ, ಧ್ವನಿ ಏರಿಸಿ, ‘ನಿಮ್ಮ ಮನೆಯಲ್ಲಿ ಓದಿದವರು ಯಾರಾದರೂ ಇದ್ದರೆ ಕಳುಹಿಸಿ, ಅವರಿಗೆ ಅರ್ಥ ಮಾಡಿಸುತ್ತೇನೆ’ ಎಂದರು. ‘ದೋಷ ಕಂಡುಬಂದಿಲ್ಲ’ ಎಂದು ಬರೆದ ಚೀಟಿ ಕೊಟ್ಟು ತಪಾಸಣಾ ಶುಲ್ಕ ಕೇಳಿದರು: 500 ರೂಪಾಯಿ, ತೆರಿಗೆ 90, ಒಟ್ಟು 590. ಅವಮಾನಕ್ಕೂ ಶೇ 18 ಜಿಎಸ್‌ಟಿ ಇದೆಯೆಂದು ಅಂದು ತಿಳಿಯಿತು. ಕೊನೆಯ ಬಸ್ಸಿಗೆ ಹೊತ್ತಾಗಿತ್ತು, ಕೊಟ್ಟು ಬಂದೆ.

ಪೆಟ್ಟಿಗೆಯಲ್ಲಿ ದೋಷವಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಫ್ಯಾನ್ ಹಾಕಿಕೊಂಡು ಕೂರುವವರಿಗೆ ಅದು ಉತ್ತಮ ಪೆಟ್ಟಿಗೆ. ದೋಷವಿದ್ದದ್ದು ನನ್ನ ಪ್ರಶ್ನೆಗೆ ನೀವು ಕೊಟ್ಟ ಉತ್ತರದಲ್ಲಿ. ಅದನ್ನು ತಪಾಸಣೆ ಮಾಡುವ ಶುಲ್ಕ ಎಷ್ಟೆಂದು ತಿಳಿಸಿದರೆ ಅದನ್ನೂ ಕಟ್ಟುತ್ತೇನೆ.

ಸಂಕವೇನೋ ಆಯಿತು. ಪಕ್ಕದ ಊರಿನಿಂದ ಮೂರು ಕೆವಿಎ ಜನರೇಟರನ್ನು ದಿನಕ್ಕೆ ಸಾವಿರ ರೂಪಾಯಿ ಬಾಡಿಗೆಗೆ ತಂದೆವು. ಕೂಗಿತು, ಹೊಗೆ ಬಿಟ್ಟಿತು, ನಾಲ್ಕು ದಿನದಲ್ಲಿ ಕೆಲಸ ಮುಗಿಸಿತು.

ಏಳು ದಿನ ಕಳೆದಿದ್ದರಿಂದ ವಾಪಸ್ ಇಲ್ಲ ಎಂದು ನಿಮ್ಮ ಕಚೇರಿ ಉತ್ತರಿಸಿದೆ. ವಿವರಣೆಗೆ ಹೊಂದದ ಸರಕಿಗೆ ಆ ಮಿತಿ ಇಲ್ಲ ಎನ್ನುವ, ನಿಮ್ಮದೇ ರಸೀದಿಯ ಹಿಂಬದಿಯ ಆರನೇ ಅಂಶ ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಪೆಟ್ಟಿಗೆಯ ಬೆಲೆ ಮತ್ತು 590 ರೂಪಾಯಿ ಹದಿನೈದು ದಿನದೊಳಗೆ ಬರಬೇಕು.

ಬರದಿದ್ದರೂ ನನಗೆ ಬೇಸರವಿಲ್ಲ. ಬಾರದಿರಲಿ ಎಂದೇ ಈಗೀಗ ಅನ್ನಿಸುತ್ತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅಡಿಕೆ ಕೊಯ್ಲಿಗೆ ಇನ್ನೂ ತಿಂಗಳುಗಳಿವೆ, ನನಗೆ ಬೇಕಾದಷ್ಟು ಪುರುಸೊತ್ತಿದೆ. ನಮ್ಮ ಸೊಸೈಟಿಯ ವಾರ್ಷಿಕ ಸಭೆಯೂ ಬರುತ್ತಿದೆ. ಜನರೇಟರ್ ಕೊಳ್ಳುವುದೋ ಬ್ಯಾಟರಿಯದು ಕೊಳ್ಳುವುದೋ ಎಂದು ನನ್ನನ್ನು ಕೇಳಲು ಅಲ್ಲಿ ಹತ್ತಾರು ಜನ ಕಾದಿದ್ದಾರೆ.

ವಿಚಾರಣೆಯ ದಿನ ಪೆಟ್ಟಿಗೆ, ಮತ್ತಿ ಹಲಗೆ, ಮರ ಕೊಯ್ಯುವ ಮಷಿನ್ ಮೂರನ್ನೂ ನಾನೇ ತರುತ್ತೇನೆ. ಟೇಬಲ್ ಫ್ಯಾನ್ ನೀವು ತನ್ನಿ.

ಇಂತಿ,
ನಿಮ್ಮ ಒಂಬತ್ತು ದೂರು ಸಂಖ್ಯೆಗಳ ಗ್ರಾಹಕ