ಇನ್ನು ಮುಂದೆ ಬೂದಿ ಎರಡು ಚೀಲದಲ್ಲಿ

ದಾವಣಗೆರೆ

ನಮ್ಮಲ್ಲಿ ಬೂದಿ ಕೊಳ್ಳುವ ರೈತ ಬಂಧುಗಳಿಗೆ ನಮಸ್ಕಾರ.

ಯುಗಾದಿ ಕಳೆದ ಮೇಲೆ ಸಂಘದ ಮಳಿಗೆಯಲ್ಲಿ ಭತ್ತದ ಹೊಟ್ಟಿನ ಬೂದಿ ಬಿಳಿ ಚೀಲದಲ್ಲಿ, ದಂಟಿನ ಬೂದಿ ಹಳದಿ ಚೀಲದಲ್ಲಿ ಸಿಗುತ್ತದೆ. ದರವೂ ಬೇರೆ. ದಂಟಿನದು ಜಾಸ್ತಿ.

ಯಾಕೆ ಅಂತ ಹೇಳಬೇಕಲ್ವಾ? ಇಷ್ಟು ದಿನ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳಿಂದ ಬಂದದ್ದನ್ನೆಲ್ಲ ಒಂದೇ ರಾಶಿಗೆ ಸುರಿದು ತುಂಬಿ ಕೊಡುತ್ತಿದ್ದೆವು. ಗಿಡಕ್ಕೆ ಬೇಕಾದ ಪೊಟ್ಯಾಷ್ ಇದೆ, ತೋಟಕ್ಕೆ ಹಾಕಿ ಎಂದೂ ಹೇಳುತ್ತಿದ್ದೆವು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಎರಡು ವರ್ಷ ಹಾಕಿ ನೋಡಿ, ಇದು ಪಾತ್ರೆ ಬೆಳಗೋಕಷ್ಟೇ ಸರಿ ಎಂದು ನಗುತ್ತಲೇ ಬೈದು ಹೋದರು. ಅವರ ಮಾತು ನಿಜ. ತಪ್ಪು ನಮ್ಮದೇ.

ನೂರು ಕೆಜಿ ಹೊಟ್ಟು ಸುಟ್ಟರೆ ಸುಮಾರು 20 ಕೆಜಿ ಬೂದಿ. ಅದರಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಪೊಟ್ಯಾಷ್ ಒಂದೆರಡು ಪಾಲು. ಭತ್ತ ನೀರಿನಲ್ಲಿ ಕರಗಿದ ಸಿಲಿಕಾವನ್ನು ಹೀರಿ ಹೊಟ್ಟಿಗೆ ತುಂಬಿಕೊಳ್ಳುತ್ತದೆ. ಹೊಟ್ಟು ಅಷ್ಟು ಒರಟಾಗಿರುವುದು ಅದಕ್ಕೇ.

ದಂಟಿನ ಕಥೆ ಬೇರೆ. ಮೆಕ್ಕೆಜೋಳವೋ ಭತ್ತವೋ, ನೆಲದಿಂದ ಎತ್ತಿದ ಪೊಟ್ಯಾಷಿನಲ್ಲಿ ಕಾಳಿಗೆ ಹೋಗುವುದು ಸ್ವಲ್ಪ, ದಂಟು ಗರಿಯಲ್ಲಿ ಉಳಿಯುವುದೇ ಹೆಚ್ಚು. ಸುಟ್ಟಾಗ ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ, ರಂಜಕ ಬೂದಿಯಲ್ಲಿ ಉಳಿಯುತ್ತವೆ. ಇದರಲ್ಲಿ ಸೂರ್ಯಕಾಂತಿ ಎತ್ತಿದ ಕೈ. ಒಳ್ಳೆಯ ಬೂದಿಯಾದರೆ ಮೂರನೇ ಒಂದು ಪಾಲು ಪೊಟ್ಯಾಷೇ ಇರುವುದುಂಟು. ಮೆಕ್ಕೆಜೋಳದ ದಿಂಡಿನದೂ ಕಡಿಮೆಯಿಲ್ಲ. ಹತ್ತಿಕಟ್ಟಿಗೆಯಲ್ಲಿ ಸುಣ್ಣವೂ ಚೆನ್ನಾಗಿದೆ. ಅಂಗಡಿಯ ಪೊಟ್ಯಾಷ್ ಗೊಬ್ಬರದಲ್ಲಿ ನೂರಕ್ಕೆ 60 ಇರುತ್ತದೆ, ಅದಕ್ಕೆ ಇದು ಸಮ ಅಂತ ನಾವು ಹೇಳುವುದಿಲ್ಲ.

ಹಳದಿ ಚೀಲವನ್ನು ಮಳೆಯಲ್ಲಿ ನೆನೆಯಲು ಬಿಡಬೇಡಿ. ಪೊಟ್ಯಾಷ್ ನೀರಿಗೆ ಕರಗಿ ಹರಿದು ಹೋಗಿ, ನಿಮ್ಮ ಕೈಗೆ ಚರಟ ಉಳಿಯುತ್ತದೆ. ಯೂರಿಯಾ ಜೊತೆ, ಹಸಿ ಸಗಣಿ ಗೊಬ್ಬರದ ಜೊತೆ ಬೆರೆಸಬೇಡಿ. ಬೂದಿಯ ಕ್ಷಾರಕ್ಕೆ ಸಾರಜನಕ ಘಾಟಾಗಿ ಹಾರಿಹೋಗುತ್ತದೆ. ಮೊದಲೇ ಸವಳಾದ ಎರೆಮಣ್ಣಿಗಂತೂ ಬೇಡವೇ ಬೇಡ. ಚಳ್ಳಕೆರೆ, ಹಿರಿಯೂರು ಕಡೆಯವರು ಮಣ್ಣು ಪರೀಕ್ಷೆಯ ಚೀಟಿ ತಂದು ತೋರಿಸಿದರೆ ನಮಗೂ ಸಮಾಧಾನ.

ಬಿಳಿ ಚೀಲ ದಂಡ ಅಂತಲ್ಲ. ಸಿಮೆಂಟಿಗೆ ಬೆರೆಸುವವರು ಅದನ್ನೇ ಕೇಳಿ ಒಯ್ಯುತ್ತಾರೆ.

ಇನ್ನೊಂದು ಮಾತು. ಬೂದಿಗೆ ದರ ಬಂತು ಅಂತ ಸುಮ್ನೆ ಹೊಲದಲ್ಲೇ ದಂಟಿಗೆ ಬೆಂಕಿ ಇಡಬೇಡಿ. ಅಂಥ ಬೂದಿ ನಾವು ಕೊಳ್ಳುವುದಿಲ್ಲ. ಅಲ್ಲೇ ಕೊಳೆತರೆ ಸಾರಜನಕವೂ ನಿಮ್ಮ ಮಣ್ಣಲ್ಲೇ ಉಳಿಯುತ್ತದೆ. ಉರುವಲಾಗಿ ಒಲೆಗೆ, ಭಟ್ಟಿಗೆ ಹೋದ ದಂಟಿನ ಬೂದಿ ಮಾತ್ರ ನಮಗೆ ಸಾಕು.

ಹಳೆಯ ಚೀಲ ಬಿಚ್ಚದೆ ಇಟ್ಟಿದ್ದರೆ ತನ್ನಿ. ದರದ ವ್ಯತ್ಯಾಸ ಕೊಟ್ಟು ಹಳದಿ ಚೀಲ ಒಯ್ಯಬಹುದು.

ಇಂತಿ,
ಸಂಘದ ಕಾರ್ಯದರ್ಶಿ