ನೀರು 97 ಡಿಗ್ರಿಗೇ ಕುದಿಯಿತು: ಆರನೇ ತರಗತಿಯ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರ ಮನೆಗೆ ಕಳಿಸಿದ್ದ ವಿಜ್ಞಾನದ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ದಯವಿಟ್ಟು ಸೋಮವಾರ ಮಕ್ಕಳ ಕೈಯಲ್ಲಿ ವಾಪಸ್ ಕಳಿಸಿಕೊಡಿ. ಅಂಕ ತಿದ್ದಬೇಕಿದೆ. ತಪ್ಪು ನಮ್ಮದು.

‘ನೀವು ಮಾಡಿದ ಪ್ರಯೋಗದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯಿತು?’ ಎಂಬ ಪ್ರಶ್ನೆಗೆ ಒಂಬತ್ತು ಮಕ್ಕಳು 97 ಎಂದು ಬರೆದಿದ್ದರು. ಪುಸ್ತಕದಲ್ಲಿ 100 ಇದೆಯೆಂದು ಅವರ ಉತ್ತರಕ್ಕೆ ಕೆಂಪು ಗೆರೆ ಬಿತ್ತು. ಉಳಿದವರು 100 ಬರೆದು ಪೂರ್ತಿ ಅಂಕ ತೆಗೆದುಕೊಂಡರು. ಒಬ್ಬಳು ಹುಡುಗಿ ನನ್ನ ಕೋಣೆಗೇ ಬಂದು, “ಮಿಸ್, ನಾನು ಬಗ್ಗಿ ನೋಡಿದ್ದೆ, 97ರ ಗೆರೆ ದಾಟಲೇ ಇಲ್ಲ” ಅಂದಳು. ಮರುದಿನ ಅದೇ ಥರ್ಮಾಮೀಟರನ್ನು ಪುಡಿಮಾಡಿದ ಐಸಿನಲ್ಲಿಟ್ಟು ನೋಡಿದೆವು. ಸರಿಯಾಗಿ ಸೊನ್ನೆಗೆ ಬಂದು ನಿಂತಿತು. ಥರ್ಮಾಮೀಟರಿನ ಮೇಲೆ ಹೊರಿಸಿ ಜಾರಿಕೊಳ್ಳುವ ಹಾಗೂ ಇರಲಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕಡಿಮೆ. ಮೇಲಿಂದ ಒತ್ತುವ ಗಾಳಿ ಕಮ್ಮಿಯಾದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ನಮ್ಮೂರಿನಲ್ಲಿ ಸುಮಾರು 97ಕ್ಕೆ. 100 ಎಂಬುದು ಸಮುದ್ರಮಟ್ಟದ ಲೆಕ್ಕ. ಕಂಡದ್ದನ್ನೇ ಬರೆದ ಆ ಒಂಬತ್ತು ಮಕ್ಕಳಿಗೆ ಪೂರ್ತಿ ಅಂಕ ಕೊಡುತ್ತಿದ್ದೇವೆ. 100 ಬರೆದವರ ಅಂಕ ಕಳೆಯುವುದಿಲ್ಲ, ಆದರೆ ಅವರು ಪ್ರಯೋಗವನ್ನು ಇನ್ನೊಮ್ಮೆ ಮಾಡಬೇಕು.

ಸಕ್ಕರೆಯ ಪ್ರಶ್ನೆಯ ಬಗ್ಗೆಯೂ ಕೆಲವರು ಫೋನ್ ಮಾಡಿದ್ದಿರಿ. ‘ಸಕ್ಕರೆ ನೀರಿನಲ್ಲಿ ದ್ರವವಾಗುತ್ತದೆ’ ಎಂದು ಅರ್ಧ ತರಗತಿ ಬರೆದಿದೆ. ಅದು ತಪ್ಪೇ, ಅಂಕ ಸಿಗುವುದಿಲ್ಲ. ಆದರೆ ಮಕ್ಕಳನ್ನು ಬೈಯುವ ಮುಂಚೆ ನಮ್ಮ ಮಾತನ್ನೇ ಒಮ್ಮೆ ಗಮನಿಸಿ. ಐಸ್‌ಕ್ರೀಮ್ ‘ಕರಗಿತು’ ಅನ್ನುತ್ತೇವೆ, ಕಾಫಿಗೆ ಹಾಕಿದ ಸಕ್ಕರೆಯೂ ‘ಕರಗಿತು’ ಅನ್ನುತ್ತೇವೆ. ತಿಂಗಳ ಕೊನೆಗೆ ಸಂಬಳವೂ ಕರಗುತ್ತದೆ. ಐಸ್‌ಕ್ರೀಮಿಗೆ ಬಿಸಿ ತಗುಲಿ ಘನ ದ್ರವವಾಯಿತು. ಸಕ್ಕರೆಯ ಕಣಗಳಾದರೋ ಬಿಡಿಬಿಡಿಯಾಗಿ ನೀರಿನ ಕಣಗಳ ನಡುವೆ ಸೇರಿಕೊಂಡವು. ಪುಸ್ತಕ ಇದಕ್ಕೆ ‘ವಿಲೀನ’ ಅನ್ನುತ್ತದೆ, ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ಬಿಸಿಗೆ ಕರಗಿತೋ, ಬೆರೆತು ಕರಗಿತೋ?’ ಎಂದು ಕೇಳಿ ನೋಡಿ.

ಮುಂದಿನ ಪಾಠ ವಸ್ತುಗಳನ್ನು ಬೇರ್ಪಡಿಸುವ ವಿಧಾನಗಳು. ಪ್ರಾಜೆಕ್ಟಿಗೆಂದು ಥರ್ಮಾಕೋಲ್, ರೆಡಿಮೇಡ್ ಚಾರ್ಟ್ ತರಬೇಡಿ. ಹೋದ ವರ್ಷ ನಾಲ್ಕು ಮಕ್ಕಳ ಚಾರ್ಟಿನ ಮೇಲೆ ಒಬ್ಬರೇ ಅಮ್ಮನ ಕೈಬರಹವಿತ್ತು, ಯಾರದೆಂದು ಕೇಳುವುದಿಲ್ಲ. ಬದಲಿಗೆ, ಮನೆಯಲ್ಲಿ ಬೆಣ್ಣೆ ಕಾಯಿಸುವ ದಿನ ಮಗುವನ್ನು ಒಲೆಯಿಂದ ಒಂದು ಮಾರು ದೂರ ನಿಲ್ಲಿಸಿ ಕಿವಿಗೊಡಲು ಹೇಳಿ. ಮೊದಲು ಚಟಪಟ ಸದ್ದು: ಬೆಣ್ಣೆಯೊಳಗಿನ ನೀರು ಆವಿಯಾಗಿ ಹೋಗುತ್ತಿದೆ. ಸದ್ದು ಅಡಗುತ್ತಾ ಬಂದರೆ ನೀರು ಮುಗಿಯಿತೆಂದು ಲೆಕ್ಕ. ಆಗ ಘಮ ಏಳುತ್ತದೆ, ಹಾಲಿನಂಶದ ಗಸಿ ಕೆಂಪಗಾಗಿ ತಳ ಸೇರುತ್ತದೆ. ಇನ್ನೆರಡು ನಿಮಿಷ ಮೈಮರೆತರೆ ಅದು ಕಪ್ಪಾಗುತ್ತದೆ ಎಂಬುದು ನಿಮಗೇ ಗೊತ್ತು. ಮೇಲಿನ ತುಪ್ಪವನ್ನು ಬಸಿದು, ಉಳಿದದ್ದನ್ನು ಸೋಸಿದರೆ ಒಂದೇ ಪಾತ್ರೆಯಲ್ಲಿ ಮೂರು ವಿಧಾನ ಮುಗಿದವು. ಇದನ್ನು ಮಗು ತನ್ನ ಮಾತಿನಲ್ಲಿ ಅರ್ಧ ಪುಟ ಬರೆದು ತರಲಿ, ಸಾಕು. ಮನೆಯಲ್ಲಿ ಮೊರವಿದ್ದರೆ ಅಕ್ಕಿ ಕೇರುವುದನ್ನೂ ತೋರಿಸಿ. ನಮ್ಮ ಮಕ್ಕಳಲ್ಲಿ ಹಲವರು ಮೊರವನ್ನು ಗೌರಿ ಹಬ್ಬದ ಬಾಗಿನದಲ್ಲಿ ಮಾತ್ರ ಕಂಡಿದ್ದಾರೆ.

ಕರ್ಪೂರ ಘನರೂಪದಿಂದ ನೇರ ಆವಿಯಾಗುವುದನ್ನು ಶಾಲೆಯಲ್ಲಿ ನಾವೇ ತೋರಿಸುತ್ತೇವೆ. ಮೊಬೈಲಿನಲ್ಲಿ ನೋಡಿ ಮನೆಯಲ್ಲಿ ಮಾಡಲು ಬಿಡಬೇಡಿ. ನುಸಿಗುಳಿಗೆಯನ್ನಂತೂ ಬಿಸಿ ಮಾಡಲೇಬೇಡಿ, ಅದರ ಆವಿ ವಿಷ.

ಸೋಮವಾರ ಪ್ರತಿ ಮಗುವೂ ಮನೆಯ ನಲ್ಲಿ ನೀರನ್ನು ಒಂದು ಲೋಟದಷ್ಟು ಬಾಟಲಿಯಲ್ಲಿ ತರಲಿ. ಒಂದೊಂದು ನೀರನ್ನೂ ಎರಡೆರಡು ಚಮಚ ಸ್ಟೀಲ್ ತಟ್ಟೆಗೆ ಹಾಕಿ ಬಿಸಿಲಿಗಿಡುತ್ತೇವೆ. ಗಡಸು ಬೋರ್‌ವೆಲ್ ನೀರು ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ; ನಿಮ್ಮ ಗೀಸರಿನ ಕಾಯಿಲ್ ಮೇಲೆ ಕಟ್ಟುವುದೂ ಅದೇ ಲವಣ. ಬಟ್ಟೆಯಲ್ಲಿ ಏಳು ಸಲ ಸೋಸಿದರೂ ಅದು ಹೋಗದು, ಏಕೆಂದರೆ ಅದು ಬೆರೆತು ಕರಗಿದ್ದು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣವಾಗಿ ನಮ್ಮೂರಿಗೆ ಏರಿ ಬರುತ್ತದೆ. ಅದು ಆರಿದಾಗ ಏನು ಉಳಿಯುತ್ತದೆ ಎಂಬುದನ್ನು ಮಕ್ಕಳೇ ನೋಡಿ ಹೇಳಲಿ. ಮೊದಲೇ ಹೇಳಿಕೊಟ್ಟು ಕಳಿಸಬೇಡಿ.

ಬಾಟಲಿಯ ಮೇಲೆ ‘ಕಾವೇರಿ’, ‘ಬೋರ್‌ವೆಲ್’ ಅಥವಾ ‘ಟ್ಯಾಂಕರ್’ ಎಂದಷ್ಟೇ ಚೀಟಿ ಅಂಟಿಸಿ. ಮಗುವಿನ ಹೆಸರು ಬೇಡ. ಯಾರ ಮನೆಗೆ ಯಾವ ನೀರು ಬರುತ್ತದೆ ಎಂಬುದು ತರಗತಿಯಲ್ಲಿ ಚರ್ಚೆಯಾಗುವುದು ನನಗೆ ಇಷ್ಟವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ