ಬ್ಯಾಂಕ್ ಕಟ್ಟಿದ ವಿಮೆಯ ಕಾಗದ ಅಂಗಡಿಯವರ ಕೈಗೆ ಬರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಮಂಡಿಪೇಟೆಯಲ್ಲಿ ಯಾವುದಾದರೂ ಅಂಗಡಿಗೆ ಹೋಗಿ, ನಿಮಗೆ ವಿಮೆ ಇದೆಯಾ ಅಂತ ಕೇಳಿ ನೋಡಿ. "ಇದೆ ಸರ್, ಬ್ಯಾಂಕಿನವರೇ ಕಟ್ಟುತ್ತಾರೆ" ಅನ್ನುತ್ತಾರೆ. ಯಾವ ವಿಮೆ, ಎಷ್ಟು ಮೊತ್ತಕ್ಕೆ, ಯಾವ ವಿಳಾಸಕ್ಕೆ ಅಂತ ಮುಂದೆ ಕೇಳಿದರೆ ಉತ್ತರ ಇಲ್ಲ. ಪಾಲಿಸಿ ಕಾಗದ ನೋಡಿದವರೇ ಕಡಿಮೆ. ನಾನು ಸಣ್ಣ ಅಂಗಡಿಗಳಿಗೆ, ಹೋಟೆಲುಗಳಿಗೆ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ಸ್ ಹಾಕಿಕೊಡುವ ಕೆಲಸದವನು. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ಪ್ರೀಮಿಯಂ ಅಂತ ಒಂದು ಮೊತ್ತ ಕಟ್ ಆಗಿರುವುದು ಕಾಣುತ್ತದೆ, ಅದಕ್ಕೆ ತಕ್ಕ ಕಾಗದ ಮಾತ್ರ ಫೈಲಿನಲ್ಲಿ ಇರುವುದಿಲ್ಲ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ನಿಜ ಸಂಗತಿ ಹೇಳುತ್ತೇನೆ. ನನಗೆ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬರು ಗೋದಾಮನ್ನು ಎರಡು ಬೀದಿ ಆಚೆಗೆ ಬದಲಿಸಿದರು. ಬ್ಯಾಂಕಿಗೂ ಬಾಯಿಮಾತಿನಲ್ಲಿ ತಿಳಿಸಿದ್ದರು. ಬ್ಯಾಂಕ್ ಮಾತ್ರ ಹಳೇ ವಿಳಾಸಕ್ಕೇ ವಿಮೆ ನವೀಕರಿಸುತ್ತಾ ಬಂತು. ಒಂದು ಮಳೆಗಾಲದ ರಾತ್ರಿ ಚರಂಡಿ ಉಕ್ಕಿ ಹೊಸ ಗೋದಾಮಿಗೆ ನೀರು ನುಗ್ಗಿತು, ಹಬ್ಬಕ್ಕೆ ತರಿಸಿಟ್ಟ ಮಾಲು ಹಾಳಾಯಿತು. ಪಾಲಿಸಿಯಲ್ಲಿ ಈ ಜಾಗವೇ ಇಲ್ಲ ಅಂತ ಕಂಪನಿ ಕ್ಲೇಮ್ ತಿರಸ್ಕರಿಸಿತು. ಅವರು ಪ್ರೀಮಿಯಂ ಕಟ್ಟದೇ ಇದ್ದವರಲ್ಲ. ಪ್ರತಿ ವರ್ಷ ಅವರ ಖಾತೆಯಿಂದಲೇ ಹಣ ಹೋಗಿದೆ. ಪಾಲಿಸಿಯ ಒಂದು ಪ್ರತಿ ಕೈಗೆ ಸಿಕ್ಕಿದ್ದರೆ ವಿಳಾಸ ತಪ್ಪಿದೆ ಅಂತ ಅವರಿಗೇ ಗೊತ್ತಾಗುತ್ತಿತ್ತು, ಅಲ್ವಾ?

ಒಂದು ಮಾತು ಸ್ಪಷ್ಟವಾಗಿ ತಿಳಿದಿರಲಿ. ಸಿಸಿ ಸಾಲಕ್ಕೆ, ಅಂದರೆ ಅಂಗಡಿಯ ಮಾಲಿನ ಆಧಾರದ ಮೇಲೆ ಕೊಡುವ ಕ್ಯಾಶ್ ಕ್ರೆಡಿಟ್ ಸಾಲಕ್ಕೆ, ಬ್ಯಾಂಕ್ ವಿಮೆ ಮಾಡಿಸುವುದು ಮೊದಲು ತನ್ನ ಸಾಲ ಉಳಿಸಿಕೊಳ್ಳಲು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾಲ 12 ಲಕ್ಷ ಇದ್ದರೆ ವಿಮೆಯೂ 12 ಲಕ್ಷಕ್ಕೇ ಆಗಿರುತ್ತದೆ, ಅಂಗಡಿಯಲ್ಲಿರುವ ಮಾಲು ಮಾತ್ರ 30 ಲಕ್ಷದ್ದು. ಬೆಂಕಿ ಬಿದ್ದು 5 ಲಕ್ಷದ ಮಾಲು ಸುಟ್ಟಿತು ಅಂದುಕೊಳ್ಳಿ. 12 ಲಕ್ಷದ ಪಾಲಿಸಿ ಇದೆಯಲ್ಲ, 5 ಲಕ್ಷ ಪೂರ್ತಿ ಸಿಗುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಸಿಗುವುದಿಲ್ಲ. 30 ಲಕ್ಷದ ಮಾಲಿಗೆ 12 ಲಕ್ಷದ ವಿಮೆ ಅಂದರೆ ನೂರಕ್ಕೆ 40 ಭಾಗ ಮಾತ್ರ ರಕ್ಷಣೆ, ಹಾಗಾಗಿ ನಷ್ಟದಲ್ಲೂ ನೂರಕ್ಕೆ 40 ಭಾಗ, ಅಂದರೆ 2 ಲಕ್ಷ ಮಾತ್ರ ಲೆಕ್ಕಕ್ಕೆ ಬರುತ್ತದೆ. ವಿಮೆಯವರು ಇದನ್ನು ಆವರೇಜ್ ಅನ್ನುತ್ತಾರೆ. ಈ ಒಂದು ನಿಯಮ ಗೊತ್ತಿಲ್ಲದೆ ಎಷ್ಟೋ ಜನ, ಕಂಪನಿ ಮೋಸ ಮಾಡಿತು ಅಂತ ಕೊರಗುತ್ತಾ ಇರುತ್ತಾರೆ. ನನಗೆ ಬೇಜಾರಾಗುವುದು ಏನೆಂದರೆ, ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್, ಅಂದರೆ ಅಂಗಡಿಯಲ್ಲಿರುವ ಮಾಲಿನ ಪಟ್ಟಿ, ಬ್ಯಾಂಕಿಗೆ ಹೋಗುತ್ತದೆ. 30 ಲಕ್ಷದ ಮಾಲು ಇದೆ ಅಂತ ಬ್ಯಾಂಕಿಗೆ ಗೊತ್ತು. ಆದರೂ ಹಳೇ ಮೊತ್ತಕ್ಕೇ ವಿಮೆ ನವೀಕರಣ ಆಗುತ್ತದೆ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಸಣ್ಣ ವ್ಯಾಪಾರಿಗಳಿಗೆ ಅಂತಲೇ ಒಂದು ಒಳ್ಳೆಯ ಪಾಲಿಸಿ ತಂದಿದೆ. ಹೆಸರು ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಒಂದು ಜಾಗದಲ್ಲಿರುವ ಕಟ್ಟಡ, ಯಂತ್ರ, ಮಾಲು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗೆ ಇದ್ದರೆ ಇದು. ಅದಕ್ಕಿಂತ ಹೆಚ್ಚಿದ್ದು 50 ಕೋಟಿವರೆಗೆ ಇದ್ದರೆ ಭಾರತ್ ಲಘು ಉದ್ಯಮ ಸುರಕ್ಷಾ. ಬೆಂಕಿ, ಸಿಡಿಲು, ಪ್ರವಾಹ, ಬಿರುಗಾಳಿ, ಭೂಕುಸಿತ, ಗಲಭೆ ಎಲ್ಲ ಇದರೊಳಗೇ ಬರುತ್ತದೆ. ಬೆಂಕಿ ಬಿದ್ದ ಗಲಾಟೆಯಲ್ಲಿ ಮಾಲು ಕಳುವಾದರೂ, ಅದು ಏಳು ದಿನದ ಒಳಗಿನದಾದರೆ ಪರಿಹಾರ ಇದೆ. ವಿಮೆ ಮೊತ್ತ ನೂರಕ್ಕೆ 15ರವರೆಗೆ ಕಡಿಮೆ ಇದ್ದರೆ ಆವರೇಜ್ ಕತ್ತರಿಯೂ ಇಲ್ಲ. ಅಂದರೆ 30 ಲಕ್ಷದ ಮಾಲಿಗೆ ಕನಿಷ್ಠ ಇಪ್ಪತ್ತೈದೂವರೆ ಲಕ್ಷದ ವಿಮೆ ಇದ್ದರೂ ನಡೆಯುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳು, ಕಿರಾಣಿ ಅಂಗಡಿ, ಬೆಣ್ಣೆ ದೋಸೆ ಹೋಟೆಲು, ಎಲ್ಲದಕ್ಕೂ ಇದು ಹೊಂದುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಗೆ ನೀರು ನುಗ್ಗಿದ್ದನ್ನು ನೋಡಿದವರಿಗೆ ಪ್ರವಾಹದ ರಕ್ಷಣೆ ಏಕೆ ಬೇಕು ಅಂತ ಹೇಳಬೇಕಾಗಿಲ್ಲ.

ಇಷ್ಟಾದರೂ ಎಲ್ಲ ಮುಗಿಯಿತು ಅಂತಲ್ಲ. ಶಾರ್ಟ್ ಸರ್ಕಿಟ್ ಆಗಿ ಮೋಟಾರು ಸುಟ್ಟರೆ ಆ ಮೋಟಾರಿಗೆ ಪರಿಹಾರ ಸಿಗುವುದಿಲ್ಲ, ಅಲ್ಲಿಂದ ಹಬ್ಬಿದ ಬೆಂಕಿಗೆ ಮಾತ್ರ ಸಿಗುತ್ತದೆ. ಯಂತ್ರ ಕೆಟ್ಟುಹೋಗುವುದಕ್ಕೆ ಬೇರೆ ವಿಮೆ ಮಾಡಿಸಬೇಕು. ಆದರೆ ಮೆಕ್ಕೆಜೋಳವೋ ಹತ್ತಿಯೋ ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಂಡರೆ ಆ ಬೆಂಕಿ ಈ ಪಾಲಿಸಿಯೊಳಗೇ ಬರುತ್ತದೆ. ದಾಸ್ತಾನು ಇಡುವವರಿಗೆ ಇದು ಮುಖ್ಯ. ಇನ್ನು ಅಂಗಡಿ ಮೂರು ತಿಂಗಳು ಮುಚ್ಚಿದರೆ ಆ ಮೂರು ತಿಂಗಳ ಲಾಭ, ಬಾಡಿಗೆ, ಕೆಲಸದವರ ಸಂಬಳ? ಸುಟ್ಟ ಮಾಲಿನ ಹಣ ಬಂದರೂ ಈ ಹಣ ಬರುವುದಿಲ್ಲ. ಅದಕ್ಕೆ ಕೈತಪ್ಪಿದ ಲಾಭದ ವಿಮೆ (ಲಾಸ್ ಆಫ್ ಪ್ರಾಫಿಟ್) ಅಂತ ಬೇರೆ ಇದೆ. ಮಾಲು ಹೋದದ್ದಕ್ಕಿಂತ ಈ ಖಾಲಿ ತಿಂಗಳುಗಳೇ ಸಣ್ಣ ವ್ಯಾಪಾರಿಯನ್ನು ಜಾಸ್ತಿ ಮುಳುಗಿಸುತ್ತವೆ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಗಿರಾಕಿ ಆಗಲೇ ಪಕ್ಕದ ಅಂಗಡಿಗೆ ಹೋಗಿರುತ್ತಾನೆ.

ಕಳ್ಳತನದ ವಿಮೆಯ ಬಗ್ಗೆಯೂ ತಪ್ಪು ತಿಳುವಳಿಕೆ ಇದೆ. ಬರ್ಗ್ಲರಿ ಪಾಲಿಸಿ ಅಂದರೆ ಬೀಗ ಒಡೆದು, ಶಟರ್ ಮುರಿದು ಕದ್ದದ್ದಕ್ಕೆ ಮಾತ್ರ. ಬಲಪ್ರಯೋಗದ ಗುರುತು ಇಲ್ಲದಿದ್ದರೆ ಅಂಥ ಪಾಲಿಸಿಯಲ್ಲಿ ಪರಿಹಾರ ಇಲ್ಲ ಅಂತ ಸುಪ್ರೀಂ ಕೋರ್ಟೇ 2004ರಲ್ಲಿ ಹೇಳಿದೆ. ಗಲ್ಲಾದಲ್ಲಿ ಕೂರುವವನೇ ದಿನಾ ಸ್ವಲ್ಪ ಸ್ವಲ್ಪ ಎತ್ತಿದರೆ ಅದಕ್ಕೆ ಫಿಡೆಲಿಟಿ ಗ್ಯಾರಂಟಿ ಬೇಕು. ಸಂಜೆ ಹಣ ತೆಗೆದುಕೊಂಡು ಬ್ಯಾಂಕಿಗೆ ಹೋಗುವಾಗ ದಾರಿಯಲ್ಲಿ ಕಿತ್ತುಕೊಂಡು ಹೋದರೆ ಮನಿ ಇನ್ಶೂರೆನ್ಸ್ ಬೇಕು. ಎಲ್ಲರೂ ಎಲ್ಲವನ್ನೂ ಮಾಡಿಸಬೇಕು ಅಂತ ನಾನು ಹೇಳುತ್ತಿಲ್ಲ. ಒಬ್ಬರೇ ಕೂತು ನಡೆಸುವ ಕಿರಾಣಿ ಅಂಗಡಿಗೆ ಫಿಡೆಲಿಟಿ ಸುಮ್ನೆ ಖರ್ಚು. ಆದರೆ ಯಾವುದು ಇದೆ, ಯಾವುದು ಇಲ್ಲ ಅನ್ನುವುದು ಗೊತ್ತಿರಬೇಕಲ್ಲ.

ಗಾಡಿಗಳ ವಿಷಯಕ್ಕೆ ಬಂದರೆ, ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರ ಕಡ್ಡಾಯ, ಎಲ್ಲರಿಗೂ ಗೊತ್ತು. ಟೆಂಪೋ ಮಗುಚಿದರೆ ಅದರಲ್ಲಿದ್ದ ಮಾಲಿಗೆ ಆ ವಿಮೆಯಿಂದ ಒಂದು ರೂಪಾಯಿಯೂ ಬರುವುದಿಲ್ಲ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕೆ ಸಾಗಣೆ ವಿಮೆ ಬೇರೆ.

ಈಗ ಕೆಲಸಗಾರರ ವಿಷಯ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡದು. ಹತ್ತು ಜನ ಅಥವಾ ಜಾಸ್ತಿ ಇದ್ದರೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕರ ರಾಜ್ಯ ವಿಮೆ, ಬರುತ್ತದೆ. ಮಾಲೀಕರ ಪಾಲು ನೂರಕ್ಕೆ 3.25, ಕೆಲಸಗಾರರ ಪಾಲು 0.75. ಇಎಸ್‌ಐ ಇಲ್ಲದ ಸಣ್ಣ ಗಿರಣಿ, ವರ್ಕ್‌ಶಾಪ್, ಲಾರಿ ಮಾಲೀಕರು ಏನು ಮಾಡಬೇಕು? ಕೆಲಸದಲ್ಲಿ ಸತ್ತರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವ ಕಾನೂನು 1923ರಿಂದಲೇ ಇದೆ. ತಿಂಗಳಿಗೆ 15,000 ಸಂಬಳದ ಲೆಕ್ಕ ಹಿಡಿದು, 30 ವರ್ಷದ ಕೆಲಸಗಾರ ತೀರಿಕೊಂಡರೆ ಎಷ್ಟು ಗೊತ್ತಾ? ಸಂಬಳದ ಅರ್ಧ 7,500, ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಗುಣಕ 207.98, ಗುಣಿಸಿದರೆ 15,59,850 ರೂಪಾಯಿ. ಒಂದು ಸಣ್ಣ ಗಿರಣಿಯವರು ಇದನ್ನು ಎಲ್ಲಿಂದ ತರುತ್ತಾರೆ? ಕೊಡಲಾಗದೆ ಕೇಸು ಎಳೆದರೆ ಸತ್ತವನ ಹೆಂಡತಿ, ಮಕ್ಕಳನ್ನು ಕಟ್ಟಿಕೊಂಡು, ಕೋರ್ಟಿಗೆ ಅಲೆಯುತ್ತಾಳೆ. ಎಂಪ್ಲಾಯೀಸ್ ಕಾಂಪೆನ್ಸೇಶನ್ ಪಾಲಿಸಿ ಮಾಡಿಸಿದ್ದರೆ ಆ ಹಣ ಕಂಪನಿ ಕೊಡುತ್ತದೆ. ಅದೂ ಅಲ್ಲದೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಇವೆ. ಮೊದಲನೆಯದು ಅಪಘಾತಕ್ಕೆ, ಎರಡನೆಯದು ಯಾವ ಕಾರಣದ ಸಾವಿಗಾದರೂ, ತಲಾ 2 ಲಕ್ಷ. ನಾಲ್ಕೈದು ಜನ ಕೆಲಸಕ್ಕಿರುವ ಅಂಗಡಿಯವರು ಎಲ್ಲರಿಗೂ ಇವನ್ನು ಮಾಡಿಸಿಕೊಡುವುದು ದೊಡ್ಡ ಭಾರವೇನಲ್ಲ.

ಅತ್ತಿಬೆಲೆಯ ಪಟಾಕಿ ಗೋದಾಮು 2023ರ ಅಕ್ಟೋಬರ್ 7ರಂದು ಹೊತ್ತಿ ಉರಿದು 14ಕ್ಕೂ ಹೆಚ್ಚು ಜನ ಸತ್ತರು. ಕೆಲಸ ಹುಡುಕಿಕೊಂಡು ತಮಿಳುನಾಡಿನಿಂದ ಬಂದ ಹುಡುಗರು ಅವರಲ್ಲಿ ಇದ್ದರು. ಭೋಪಾಲ್ ದುರಂತ ಆದದ್ದು 1984ರಲ್ಲಿ, ಅಪಾಯಕಾರಿ ವಸ್ತು ಇಡುವವರು ಹೊರಗಿನ ಜನರಿಗಾಗುವ ಹಾನಿಗೆ ವಿಮೆ ಮಾಡಿಸಲೇಬೇಕು ಅನ್ನುವ ಕಾನೂನು ಬಂದದ್ದು 1991ರಲ್ಲಿ. ಆ ಕಾನೂನು ನಿಗದಿ ಮಾಡಿದ ಪ್ರಮಾಣಕ್ಕಿಂತ ಹೆಚ್ಚು ಇಟ್ಟವರಿಗೆ ಅದು ಅನ್ವಯ. ಆದರೆ ಎಂಟು ಹತ್ತು ಸಿಲಿಂಡರ್ ಇಟ್ಟುಕೊಂಡು, ಮೇಲೆ ಮನೆ, ಪಕ್ಕದಲ್ಲಿ ಟ್ಯೂಷನ್ ಇರುವ ಕಟ್ಟಡದಲ್ಲಿ ನಡೆಯುವ ಹೋಟೆಲಿಗೂ ಹೊರಗಿನವರ ಹಾನಿಯ ವಿಮೆ ಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇನ್ನು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ತೆರಿಗೆ ತೆಗೆದರು. ತುಂಬಾ ಒಳ್ಳೆಯ ಕೆಲಸ. ಅಂಗಡಿ ವಿಮೆಗೆ ಮಾತ್ರ ಶೇ. 18 ಹಾಗೇ ಇದೆ. ದೊಡ್ಡ ಕಂಪನಿಗಳು ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಅಂತ ಹಿಂದಕ್ಕೆ ಪಡೆಯುತ್ತವೆ. ಕಾಂಪೊಸಿಷನ್‌ನಲ್ಲಿರುವ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಸರಳ ಯೋಜನೆಯಲ್ಲಿರುವ, ಸಣ್ಣ ವ್ಯಾಪಾರಿಗೆ ಆ ಕ್ರೆಡಿಟ್ ಇಲ್ಲ, ಶೇ. 5ರ ತೆರಿಗೆ ಕಟ್ಟುವ ಹೋಟೆಲಿಗೂ ಇಲ್ಲ. ಅಂದರೆ ಈ 18ರ ಭಾರ ಪೂರ್ತಿ ಹೊರುವವರು ಸಣ್ಣವರೇ. ಕನಿಷ್ಠ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಗಾದರೂ ತೆರಿಗೆ ತೆಗೆಯಲಿ ಅಂತ ನಮ್ಮ ರಾಜ್ಯದ ಮಂತ್ರಿಗಳು ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೇಳಬೇಕು.

ಕ್ಲೇಮ್ ತಿರಸ್ಕರಿಸಿದರೆ ಸುಮ್ಮನೆ ಕೂರಬೇಡಿ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಒಬ್ಬರದೇ ಮಾಲೀಕತ್ವದ ಅಂಗಡಿಯವರು, ಸೂಕ್ಷ್ಮ ಉದ್ಯಮದವರು ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಖರೀದಿ ಬಿಲ್ಲು, ಸ್ಟಾಕ್ ಪುಸ್ತಕ, ರಿಟರ್ನ್ಸ್ ಮಾತ್ರ ಸರಿಯಾಗಿ ಇಟ್ಟುಕೊಂಡಿರಿ. ತೆರಿಗೆ ಉಳಿಸಲು ಲೆಕ್ಕದಲ್ಲಿ ಕಡಿಮೆ ಮಾಲು ತೋರಿಸಿದವರು ನಷ್ಟವಾದಾಗ ಜಾಸ್ತಿ ಇತ್ತು ಅಂತ ಹೇಳಿದರೆ ನಷ್ಟ ಅಳೆಯಲು ಬರುವ ಸರ್ವೇಯರ್ ಒಪ್ಪುವುದಿಲ್ಲ.

ಬ್ಯಾಂಕುಗಳಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರೀಮಿಯಂ ಕಡಿತವಾದ ವಾರದೊಳಗೆ ಪಾಲಿಸಿಯ ಪ್ರತಿ ಸಾಲಗಾರರ ಕೈಗೆ ಅಥವಾ ವಾಟ್ಸ್‌ಆ್ಯಪ್‌ಗೆ ಬರಬೇಕು. ಜೊತೆಗೆ ಕನ್ನಡದಲ್ಲಿ ಒಂದು ಹಾಳೆ: ಯಾವ ವಿಳಾಸ, ಎಷ್ಟು ಮೊತ್ತ, ಯಾವುದಕ್ಕೆ ರಕ್ಷಣೆ, ಯಾವುದಕ್ಕೆ ಇಲ್ಲ, ನಷ್ಟವಾದರೆ ಯಾರಿಗೆ ಫೋನ್ ಮಾಡಬೇಕು. ಆರೋಗ್ಯ ವಿಮೆಗೆ ಇಂಥ ಹಾಳೆಯನ್ನು ಗ್ರಾಹಕರು ಕೇಳಿದರೆ ಸ್ಥಳೀಯ ಭಾಷೆಯಲ್ಲೇ ಕೊಡಬೇಕು ಅಂತ ಪ್ರಾಧಿಕಾರ ಈಗಾಗಲೇ ಹೇಳಿದೆ. ಅಂಗಡಿ ವಿಮೆಗೆ ಕೊಡಲು ಏನು ಕಷ್ಟ? ನವೀಕರಣಕ್ಕೆ ಮೊದಲು ಕೊನೆಯ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ, ಮೊತ್ತ ಕಡಿಮೆ ಇದೆ, ಜಾಸ್ತಿ ಮಾಡಿಸುತ್ತೀರಾ ಅಂತ ಒಂದು ಮಾತು ಕೇಳಲಿ. ಅಲ್ಲಿಯವರೆಗೆ ವ್ಯಾಪಾರಿ ಮಿತ್ರರು ಈ ವಾರವೇ ನಿಮ್ಮ ಬ್ರಾಂಚಿಗೆ ಹೋಗಿ ಪಾಲಿಸಿಯ ಪ್ರತಿ ಕೇಳಿ ತೆಗೆದುಕೊಳ್ಳಿ, ಮೊದಲು ವಿಳಾಸ ನೋಡಿ, ಆಮೇಲೆ ಮೊತ್ತ ನೋಡಿ.

ಇಂತಿ,
ಒಬ್ಬ ಲೆಕ್ಕ ಬರೆಯುವವ,
ದಾವಣಗೆರೆ